ತೆರಿಗೆ: ದಂಡವೋ, ನಿಧಿಯೋ?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಭಾಷೆಯಲ್ಲಿ ತೆರಿಗೆಯನ್ನೂ ತೆರುತ್ತೇವೆ, ದಂಡವನ್ನೂ ತೆರುತ್ತೇವೆ. ಸ್ವೀಡನ್ನಿನ ಭಾಷೆಯಲ್ಲಿ ತೆರಿಗೆಗೆ 'ಸ್ಕಟ್' ಎನ್ನುತ್ತಾರೆ. ನಿಧಿಗೂ ಅದೇ ಪದ. ಒಂದು ಪದದಿಂದ ಜನಾಂಗವೊಂದರ ಸ್ವಭಾವವನ್ನು ಅಳೆಯಲಾಗದು. ಆದರೂ ಈ ಎರಡು ಅರ್ಥಗಳ ನಡುವಣ ದೂರವೇ ನನ್ನ ಇಂದಿನ ವಿಷಯ.

ಸ್ವೀಡನ್ನಿನಲ್ಲಿ ರಾಷ್ಟ್ರೀಯ ಉತ್ಪನ್ನದ ಶೇಕಡಾ 40ಕ್ಕೂ ಹೆಚ್ಚು ಭಾಗ ತೆರಿಗೆಯಾಗಿ ಸಲ್ಲುತ್ತದೆ. ಅಮೆರಿಕದಲ್ಲಿ ಸುಮಾರು ಕಾಲುಭಾಗ. ನಮ್ಮಲ್ಲಿ ಕೇಂದ್ರ, ರಾಜ್ಯಗಳೆರಡನ್ನು ಕೂಡಿಸಿದರೂ ಐದರಲ್ಲೊಂದು ಪಾಲಿಗಿಂತ ಕಡಿಮೆ. ಇಷ್ಟು ತೆತ್ತೂ ಸ್ವೀಡನ್ನಿನವರು ಏಕೆ ದಂಗೆಯೇಳುವುದಿಲ್ಲ? ಅಲ್ಲಿ 1948ರಿಂದ ಮಕ್ಕಳ ಭತ್ಯೆಯು ಕೂಲಿಯವನ ಮನೆಗೂ ಕಾರ್ಖಾನೆಯ ಒಡೆಯನ ಮನೆಗೂ ಸಮನಾಗಿ ಬರುತ್ತದೆ. ಆಸ್ಪತ್ರೆಯ ಬಾಗಿಲೂ ಬಹುಮಟ್ಟಿಗೆ ಇಬ್ಬರಿಗೂ ಒಂದೇ. ಕೊಟ್ಟದ್ದು ತಿರುಗಿ ಬರುವುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ.

ಅಮೆರಿಕವೋ, 1773ರಲ್ಲಿ ತೆರಿಗೆಯ ಸಿಟ್ಟಿನಿಂದ ಬಾಸ್ಟನ್ ಬಂದರಿನಲ್ಲಿ ಚಹದ ಪೆಟ್ಟಿಗೆಗಳನ್ನು ನೀರಿಗೆಸೆದವರ ನಾಡು. 1978ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಆಸ್ತಿ ತೆರಿಗೆಗೆ ತಾವೇ ಮಿತಿ ಹಾಕಿದರು. ಆದರೆ ಅದೇ ಅಮೆರಿಕನ್ನರು 1935ರ ವೃದ್ಧಾಪ್ಯ ಪಿಂಚಣಿಯನ್ನಾಗಲಿ, 1965ರಲ್ಲಿ ವೃದ್ಧರಿಗೆಂದು ಬಂದ ವೈದ್ಯಕೀಯ ವಿಮೆಯನ್ನಾಗಲಿ ಮುಟ್ಟಲು ಯಾವ ಪಕ್ಷಕ್ಕೂ ಸುಲಭವಾಗಿ ಬಿಡುವುದಿಲ್ಲ. ದುಡಿಯುವಾಗ ಸಂಬಳದಿಂದ ತೆತ್ತವರು ತಾವೇ, ಮುಪ್ಪಿನಲ್ಲಿ ಪಡೆಯುವವರೂ ತಾವೇ. ಆದ್ದರಿಂದ ತೆರಿಗೆಯ ಕುರಿತ ಮನೋಭಾವವು ರಕ್ತದಲ್ಲಿ ಬರುವುದಲ್ಲ. ಸೇವೆಯಲ್ಲಿ ಪಾಲುಗೊಂಡಾಗ ಬೆಳೆಯುವಂಥದು.

ನಮ್ಮ ಮಧ್ಯಮವರ್ಗದವರಲ್ಲಿ ಒಂದು ಮಾತು ರೂಢವಾಗಿದೆ: 'ತೆರುವವರು ನಾವು, ಉಣ್ಣುವವರು ಇನ್ನಾರೋ.' ಸಾಬೂನು ಕೊಳ್ಳುವ ಕೂಲಿಹೆಂಗಸೂ ಅದರ ಬೆಲೆಯೊಳಗೆ ತೆರಿಗೆ ತೆರುತ್ತಾಳೆಂಬುದನ್ನು ಮರೆಯುತ್ತೇವೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಮುಂಬಯಿ ಮಹಾನಗರಪಾಲಿಕೆಯು ಮರಾಠಿಯೊಡನೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಈ ಊರಿನ ಎಲ್ಲ ಭಾಷಿಕರ ತೆರಿಗೆಯ ಹಣದಿಂದ ನಾನು ಅಂಥದೊಂದು ಶಾಲೆಯಲ್ಲಿ ಅಕ್ಷರ ಕಲಿತೆ. ನನ್ನ ಮಕ್ಕಳನ್ನು ಮಾತ್ರ ಖಾಸಗಿ ಇಂಗ್ಲಿಷ್ ಶಾಲೆಗೆ ಕಳುಹಿಸಿದೆ. ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದಾಗ ಇಂಥದೇ ವೇದಿಕೆಯೇರಿ ಮರುಗಿದೆ. ದನಿಯುಳ್ಳವರೆಲ್ಲ ಬಿಟ್ಟುಬಂದ ಶಾಲೆಗೆ ದನಿಯಾಗುವವರು ಯಾರು?

ತೆರಿಗೆ ಕಟ್ಟಿದ ರಸೀದಿಯೊಡನೆ ನಮ್ಮ ಹೊಣೆ ಮುಗಿಯದು. ಸಾರ್ವಜನಿಕ ಶಾಲೆ, ಆಸ್ಪತ್ರೆಗಳ ಸರದಿಯಲ್ಲಿ ನಾವೂ ನಿಲ್ಲಬೇಕು; ನಿಂತು ಲೆಕ್ಕ ಕೇಳಬೇಕು. ಆಗ ತೆತ್ತದ್ದು ದಂಡವೆನಿಸದು.