ಅಂಕಿತದಲ್ಲಿ ಕಂಡ ಸಂಬಂಧ

(ಚಿಟಗುಪ್ಪದ ಶ್ರಾವಣಮಾಸದ ಪ್ರವಚನದಿಂದ)



ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ನಮ್ಮಲ್ಲಿಗೆ ಬಂದು, “ಅಪ್ಪಾವರೆ, ನಮ್ಮ ಸೊಸಿ ಪದ ಕಟ್ಟತಾಳ್ರಿ. ಮನಿ ಕೆಲಸ ಬಿಟ್ಟು ಬರಕೋತ ಕೂಡೋದು ಹೆಣ್ಣಿಗೆ ಒಪ್ಪತದೇನ್ರಿ?” ಎಂದು ಕೇಳಿದರು. ಆಗ ನಾವು ನಕ್ಕು ಪ್ರಸಾದ ಕೊಟ್ಟು ಕಳಿಸಿದೆವು. ರಾತ್ರಿ ಆ ಪ್ರಶ್ನೆ ನಮ್ಮನ್ನು ಮಲಗಗೊಡಲಿಲ್ಲ. ಅದಕ್ಕೆ ಇಂದು ಎಲ್ಲರೆದುರು ಉತ್ತರ ಹೇಳುತ್ತೇವೆ.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ‘ಭಾರ್ಯಾ’ ಎಂಬ ಶಬ್ದಕ್ಕೆ ‘ಭರಿಸಲ್ಪಡತಕ್ಕವಳು’ ಎಂದು ನಾವು ಅರ್ಥ ಕಲಿತೆವು. ಗಂಡನು ಪೋಷಿಸುವವನು, ಹೆಂಡತಿ ಪೋಷಿತಳು ಎಂದು ಬಹುಕಾಲ ನಂಬಿದ್ದೆವು. ಕಲ್ಯಾಣದ ಶರಣರ ಮನೆಗಳನ್ನು ಹೊಕ್ಕು ನೋಡಿದ ಮೇಲೆ ಆ ಅರ್ಥ ಸಾಲದೆಂದು ತಿಳಿಯಿತು.

ನಮ್ಮ ನೆರೆಯ ಆ ಕಲ್ಯಾಣದಲ್ಲಿ ೧೨ನೇ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ನುಡಿದರು. ಅವರ ಅಂಕಿತಗಳನ್ನು ಗಮನಿಸಿರಿ. ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿ ಗಂಡನ ಹೆಸರಿದೆ. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನ ತಾಯಿ ನಾಗಲಾಂಬಿಕೆಯದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಅದರಲ್ಲಿ ತಮ್ಮನ ಹೆಸರಿದೆ. ಮುಕ್ತಾಯಕ್ಕನು ಅಣ್ಣ ಅಜಗಣ್ಣನನ್ನೇ ತಂದೆಯೆಂದು ಕರೆದು ‘ಅಜಗಣ್ಣ ತಂದೆ’ ಎಂದು ಅಂಕಿತವಿಟ್ಟಳು.

ಹಾಗಾದರೆ ಇವರು ಗಂಡನ, ಅಣ್ಣತಮ್ಮಂದಿರ ನೆರಳಾಗಿ ಉಳಿದರೇ? ಇಲ್ಲ. ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ಆಸೆಯ ಅಕ್ಕಿ, ಹಿಂದಕ್ಕೆ ಸುರಿದು ಬಾ ಎಂದವಳು ಲಕ್ಕಮ್ಮ. ಅಲ್ಲಿ ಯಾರು ಯಾರನ್ನು ಭರಿಸಿದರು, ನೀವೇ ಹೇಳಿರಿ! ಅಣ್ಣ ಬಯಲಾದ ದುಃಖದಲ್ಲಿದ್ದ ಮುಕ್ತಾಯಕ್ಕನು ಅಲ್ಲಮಪ್ರಭುವಿನಂಥವರಿಗೆ ಎದುರುತ್ತರ ಕೊಟ್ಟು ವಾದ ಮಾಡಿದಳು. ಕೂಡಲಸಂಗಮಕ್ಕೆ ಬಾ ಎಂದು ಬಸವಣ್ಣನವರು ಕರೆಕಳಿಸಿದಾಗ, ಸಂಗಯ್ಯನು ಅಲ್ಲಿರುವನು, ಇಲ್ಲಿಲ್ಲವೇ ಎಂದು ನೀಲಮ್ಮ ಕೇಳಿದಳೆಂದು ಪರಂಪರೆ ಹೇಳುತ್ತದೆ. ಆ ತಾಯಿ ತಂಗಡಗಿಯಲ್ಲಿಯೇ ಐಕ್ಯಳಾದಳು. ಇವರೆಲ್ಲ ಸಂಬಂಧವನ್ನು ಹರಿದುಕೊಳ್ಳಲಿಲ್ಲ. ಸಂಬಂಧದ ಹೆಸರಿನಲ್ಲಿ ಮಾತನ್ನು ನುಂಗಿಕೊಳ್ಳಲೂ ಇಲ್ಲ. ಇನ್ನು ಮಹಾದೇವಿಯು ಕೌಶಿಕನ ಅರಮನೆಯನ್ನೇ ತೊರೆದು ಬಂದವಳು. ಮನೆ ಬಿಟ್ಟು ಬಂದ ಆಕೆಯನ್ನು ಕಲ್ಯಾಣವು ‘ಅಕ್ಕ’ ಎಂದು ಕರೆದು ಬಂಧುತ್ವ ಕೊಟ್ಟಿತು.

ಇದು ಹಳೆಯ ಕಾಲದ ಮಾತಾಯಿತೆನ್ನುವಿರಾ? ಸೊಲ್ಲಾಪುರದಲ್ಲಿ ೧೯೧೨ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಿರಿ. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತರು. ಚಿಕ್ಕಂದಿನಲ್ಲಿ ಮದುವೆ, ಮಕ್ಕಳ ಭಾರ, ನಡುವಯಸ್ಸಿನಲ್ಲಿಯೇ ವೈಧವ್ಯ. ಇಷ್ಟೆಲ್ಲದರ ನಡುವೆ ಸಿದ್ಧರಾಮನ ಪುರಾಣವನ್ನು ಸಾವಿರಾರು ತ್ರಿಪದಿಗಳಲ್ಲಿ ಬರೆದರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠವೇರಿದ ಮಹಿಳೆಯರಲ್ಲಿ ಅವರೇ ಮೊದಲಿಗರು. ಕೊನೆಗಾಲದಲ್ಲಿ ಬಸವಕಲ್ಯಾಣದಲ್ಲಿಯೇ ನೆಲೆಸಿದರು. ಹಡೆದ ಮಕ್ಕಳ ತಾಯಿಯನ್ನು ನಾಡೆಲ್ಲ ‘ತಾಯಿ’ ಎಂದಿತು.

ತ್ರಿಪದಿ ಎಂದಾಗ ನಮಗೆ ಒಂದು ತಪ್ಪು ನೆನಪಾಗುತ್ತದೆ. ನಮ್ಮ ಪೂರ್ವಾಶ್ರಮದ ತಾಯಿ ಬೆಳಗಿನ ಜಾವ ಜೋಳ ಬೀಸುತ್ತ ತಾನೇ ಕಟ್ಟಿದ ಪದಗಳನ್ನು ಹಾಡುತ್ತಿದ್ದಳು. ತವರಿನ ಪದ, ಸತ್ತ ಕೂಸಿನ ಪದ, ಮಠಕ್ಕೆ ಹೋದ ಮಗನ ಪದ. ನಾವು ವ್ಯಾಕರಣದ ಸೂತ್ರಗಳನ್ನು ವಹಿ ತುಂಬ ಬರೆದುಕೊಂಡೆವು. ಆಕೆಯ ಒಂದು ಪದವನ್ನೂ ಬರೆದಿಡಲಿಲ್ಲ. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ನಮಗೆ ಬರುತ್ತಿತ್ತು. ಆಕೆ ಲಿಂಗೈಕ್ಯಳಾದ ಮೇಲೆ ಎಷ್ಟು ನೆನೆದರೂ ಧಾಟಿ ಮಾತ್ರ ಬರುತ್ತದೆ, ಮಾತು ಬರುವುದಿಲ್ಲ. ಇಷ್ಟೆಲ್ಲ ಓದಿದ ನಾವು ಆ ಪದಗಳಿಗೆ ಬಡವರಾದೆವು.

ಆದುದರಿಂದ ನಿನ್ನೆ ಕೇಳಿದ ಆ ತಾಯಿಗೆ ನಮ್ಮ ಉತ್ತರವಿಷ್ಟೆ. ಅಮ್ಮಾ, ಕಾಯಕವನ್ನು ಬಿಡಬಾರದು, ನಿಜ. ಆದರೆ ಮನೆಯ ಕಾಯಕ ಸೊಸೆಯೊಬ್ಬಳದೇ ಅಲ್ಲ. ಸಂಜೆ ಒಂದು ತಾಸು ರೊಟ್ಟಿಯ ಹಂಚಿನ ಮುಂದೆ ನೀವು ಕೂಡಿರಿ, ಕಸಮುಸುರೆಗೆ ಮಗ ಕೈಹಚ್ಚಲಿ. ಬರೆದಾದ ಮೇಲೆ ಅವಳಿಂದ ಓದಿಸಿ ಕೇಳಿರಿ. ನೀವೂ ಹರೆಯದಲ್ಲಿ ಪದ ಹಾಡಿದವರೇ ಇದ್ದೀರಿ. ಅವು ನೆನಪಿದ್ದರೆ ಅದೇ ವಹಿಯಲ್ಲಿ ಅವಳ ಕೈಯಿಂದ ಬರೆಯಿಸಿರಿ. ಮುಂದಿನ ಸೋಮವಾರ ಅತ್ತೆ ಸೊಸೆ ಇಬ್ಬರೂ ಬಂದು ಈ ಸಭೆಯಲ್ಲಿ ಹಾಡಬೇಕು. ನಾವು ಕೆಳಗೆ ಕುಳಿತು ಕೇಳುತ್ತೇವೆ.