ಬರುವ ವರ್ಷಕ್ಕೆ ಹತ್ತು ಪುಸ್ತಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ಓದಬೇಕು ಎಂದು ಉಪದೇಶ ಮಾಡುವುದಕ್ಕೆ ನಾನು ಬಂದಿಲ್ಲ. ಆ ಮಾತನ್ನು ಈ ಶಾಲೆಯಲ್ಲಿ ನಮ್ಮ ಗುರುಗಳು ಸಾಕಷ್ಟು ಸಲ ಹೇಳಿದ್ದಾರೆ. ಆದರೆ ಊರಿಗೆ ಬಂದಾಗಲೆಲ್ಲ ಹುಡುಗರು ಕೇಳುವ ಪ್ರಶ್ನೆ ಬೇರೆ. "ಅಣ್ಣಾ, ಓದಬೇಕಂತ ಮನಸ್ಸೈತಿ, ಯಾವ್ದು ಓದಬೇಕೋ ತಿಳೀವಲ್ದು" ಅನ್ನುತ್ತಾರೆ. ಆ ಪ್ರಶ್ನೆಗೆ ಇವತ್ತು ಹೆಸರು ಹಿಡಿದು ಉತ್ತರ ಕೊಡಬೇಕೆಂದಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ದಿನಕ್ಕೆ ಹತ್ತು ಪುಟ ಓದಿದರೆ ವರ್ಷಕ್ಕೆ 3,650 ಪುಟ ಆಗುತ್ತದೆ. ಮುನ್ನೂರು ಪುಟದ ಪುಸ್ತಕವಾದರೆ ಹನ್ನೆರಡು. ದೊಡ್ಡವು ಒಂದೆರಡು ಸೇರಿದರೆ ಹತ್ತು. ಹೊಲ, ಮನೆ, ನೌಕರಿ, ಮಕ್ಕಳು ಇರುವ ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಆಗುವುದು ಕಷ್ಟ. ಆದ್ದರಿಂದಲೇ ಆಯ್ಕೆ ಬೇಕಾಗುತ್ತದೆ. ದ್ರಾಕ್ಷಿ ಪಡ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ ಮಾಡುತ್ತೀರಿ. ಹುಟ್ಟಿದ ಗೊನೆಯನ್ನೆಲ್ಲ ಬಳ್ಳಿಯ ಮೇಲೆ ಬಿಟ್ಟರೆ ಯಾವುದೂ ತೂಕಕ್ಕೆ ಬರುವುದಿಲ್ಲ. ಪುಸ್ತಕದ ಮಾತೂ ಹಾಗೆಯೇ.

ನನ್ನ ಪಟ್ಟಿಯ ಮೊದಲ ಮೂರು ಪುಸ್ತಕಗಳು ನಮ್ಮ ಕಡೆಯವು. ಇದಕ್ಕೆ ಕಾರಣವಿದೆ. ಇಲ್ಲಿಂದ ಕಲಿಯಲು ಬೆಂಗಳೂರಿಗೋ ಪುಣೆಗೋ ಹೋದ ನಮ್ಮ ಹುಡುಗರು ಮೊದಲು ಬಿಡುವುದು ತಮ್ಮ ಮಾತನ್ನು. "ಹೋಗೇನಿ, ಬಂದೇನಿ" ಎಂದರೆ ಪಕ್ಕದವರು ನಗುತ್ತಾರೆ. ನನ್ನ ಎದುರಿಗೂ ನಕ್ಕವರಿದ್ದಾರೆ. ಆಗ ಹುಡುಗರು ನಮ್ಮದು ಆಡುವ ಕನ್ನಡ, ಬರೆಯುವ ಕನ್ನಡ ಬೇರೆಯವರದು ಎಂದು ತಿಳಿಯುತ್ತಾರೆ. ಅದು ಸುಳ್ಳು ಎಂಬುದು ವಾದದಿಂದ ಗೊತ್ತಾಗುವುದಿಲ್ಲ, ಓದಿದರೆ ಗೊತ್ತಾಗುತ್ತದೆ.

ಮೊದಲನೆಯದು ರಾವಬಹಾದ್ದೂರರ 'ಗ್ರಾಮಾಯಣ'. ಜಮಖಂಡಿ ಕಡೆಯವರು, 1957ರಲ್ಲಿ ಬಂದ ಕಾದಂಬರಿ. ಇದರಲ್ಲಿ ಒಬ್ಬ ನಾಯಕನಿಲ್ಲ, ಇಡೀ ಹಳ್ಳಿಯೇ ನಾಯಕ. ಅಧಿಕಾರದ ಆಸೆ, ಬಣಗಳ ಜಗಳ, ಒಳ್ಳೆಯವರ ಅಸಹಾಯಕತೆ ಎಲ್ಲವೂ ಇದೆ. ಓದುತ್ತ ಹೋದರೆ ಪಂಚಾಯತಿ ಚುನಾವಣೆಯ ದಿನ ನಮ್ಮ ಕಟ್ಟೆಯ ಮೇಲೆ ಕುಳಿತ ಹಾಗೆ ಅನಿಸುತ್ತದೆ. ಎರಡನೆಯದು 'ಗರತಿಯ ಹಾಡು'. ಇದು ಕಾದಂಬರಿಯಲ್ಲ. ನಮ್ಮದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದರು. ಇದನ್ನು ಒಬ್ಬರೇ ಓದಬೇಡಿ. ಮನೆಯಲ್ಲಿ ಆಯಿ ಇದ್ದರೆ ಅವರ ಮುಂದೆ ಕುಳಿತು ಗಟ್ಟಿಯಾಗಿ ಓದಿ. ಪುಸ್ತಕದಲ್ಲಿ ಇಲ್ಲದ ಹಾಡು ಅವರ ಬಾಯಿಂದ ಬಂದರೂ ಬರಬಹುದು. ಮೂರನೆಯದು ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು'. ಆ ಭಾಗದ ಬಡವರ, ದುಡಿಯುವ ಹೆಂಗಸರ ಬಾಳನ್ನು ಅವರದೇ ಮಾತಿನಲ್ಲಿ ಬರೆದ ಕೃತಿ. ಇದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. ಯಾವ ಮಾತಿಗೆ ನಗುತ್ತಾರೋ ಅದೇ ಮಾತಿಗೆ ದೇಶದ ಮನ್ನಣೆ ಸಿಕ್ಕಿತು ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಮುಂದಿನ ನಾಲ್ಕು ಪುಸ್ತಕಗಳು ಹೊರಗಿನ ಸೀಮೆಯವು. ನಮ್ಮದನ್ನೇ ಓದುತ್ತ ಕುಳಿತರೆ ಬಾವಿಯೊಳಗಿನ ಕಪ್ಪೆ ಆಗುತ್ತೇವೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಓದಿ ಪಟ್ಟಣ ಸುತ್ತಿದ ಮೊಮ್ಮಗ ಕೊನೆಗೆ ಊರಿನ ಮಣ್ಣಿಗೆ ಮರಳುತ್ತಾನೆ. ಊರು ಬಿಟ್ಟವರೂ ಊರಲ್ಲೇ ಉಳಿದವರೂ ಇದನ್ನು ಓದಬೇಕು. ದೇವನೂರ ಮಹಾದೇವರ 'ಒಡಲಾಳ' ತೀರ ಸಣ್ಣದು, ಒಂದು ರವಿವಾರ ಮುಗಿಯುತ್ತದೆ. ಸಾಕವ್ವ ಎಂಬ ಮುದುಕಿ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಹಸಿದ ಮನೆಯವರೆಲ್ಲ ಒಂದು ರಾತ್ರಿ ಕೂಡಿ ಕುಳಿತು ಶೇಂಗಾ ತಿನ್ನುತ್ತಾರೆ. ಮೈಸೂರು ಸೀಮೆಯ ಮಾತು ಮೊದಲಿಗೆ ತೊಡಕೆನಿಸುತ್ತದೆ. ನಮ್ಮ ಮಾತು ಅವರಿಗೂ ಹಾಗೆಯೇ ಅನಿಸುತ್ತದೆ ಎಂಬುದು ಆಗ ತಿಳಿಯುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ ಅದು. ಊರವರು ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣನಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಅಪರೂಪದ ಅರಿವನ್ನು ಕಾಣುತ್ತಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗನಿಗೆ ಬೈಯುವ ಮೊದಲು ತಂದೆಯೂ ಇದನ್ನು ಒಮ್ಮೆ ಓದಲಿ. ಇನ್ನೊಂದು ಗಡಿಯಾಚೆಯದು, ವ್ಯಂಕಟೇಶ ಮಾಡಗೂಳಕರರ ಮರಾಠಿ ಕಾದಂಬರಿ 'ಬನಗರವಾಡಿ'. ಜತ್ತ, ಆಟಪಾಡಿ ನಮಗೆ ಪರದೇಶವಲ್ಲ, ಬೀಗರ ಊರು. ಕುರಿಗಾರರ ಹಳ್ಳಿಯೊಂದಕ್ಕೆ ಬಂದ ಹರೆಯದ ಮಾಸ್ತರ, ಅವನು ನಡೆಸುವ ಶಾಲೆ, ಆಮೇಲೆ ಬರಗಾಲ ಬಿದ್ದು ಜನ ಊರು ಬಿಡುವುದು ಅದರ ಕಥೆ. ನೀರಾವರಿ ಬರುವ ಮುಂಚೆ ನಮ್ಮ ಸೀಮೆ ಹೇಗಿತ್ತು, ದುಡಿಯಲು ಗುಳೆ ಹೋದವರು ಯಾರು ಎಂಬುದನ್ನು ಇಲ್ಲಿರುವ ಹಿರಿಯರು ಮರೆತಿಲ್ಲ. ಮರಾಠಿ ಓದಬಲ್ಲವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದೀರಿ. ಮೂಲದಲ್ಲೇ ಓದಿ, ಉಳಿದವರಿಗೆ ಕಥೆ ಹೇಳಿ.

ಕೊನೆಯ ಮೂರು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಬೇಕು. ಹಳಗನ್ನಡ ಎಂದೊಡನೆ ನಮಗೆ ಪರೀಕ್ಷೆಯ ಸಂದರ್ಭ ಸಹಿತ ವಿವರಣೆಯೇ ನೆನಪಾಗುತ್ತದೆ. ಅಂಕದ ಹಂಗು ಬಿಟ್ಟು ಓದಿದರೆ ಅದರ ರುಚಿಯೇ ಬೇರೆ. ರನ್ನ ನಮ್ಮ ಪಕ್ಕದ ಮುಧೋಳದವನು, ಬಳೆಗಾರರ ಮನೆಯ ಮಗ. ಸಾವಿರ ವರ್ಷದ ಹಿಂದೆ 'ಗದಾಯುದ್ಧ' ಬರೆದ. ಅಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ತಮ್ಮನಿಗಾಗಿ ಅಳುತ್ತಾನೆ, ಗೆಳೆಯ ಕರ್ಣನಿಗಾಗಿ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ತೀ. ನಂ. ಶ್ರೀಕಂಠಯ್ಯನವರ 'ಗದಾಯುದ್ಧ ಸಂಗ್ರಹ' ಹಿಡಿದು ಕನ್ನಡ ಮಾಸ್ತರರ ಸಹಾಯದಿಂದ ವಾರಕ್ಕೆ ಹತ್ತು ಪದ್ಯ ಓದಿದರೂ ಸಾಕು. ಅದಾದ ಮೇಲೆ ಗದುಗಿನ ಕುಮಾರವ್ಯಾಸನ ಗದಾಪರ್ವ. ಅದೇ ಕಥೆ, ಆದರೆ ಭಾಮಿನಿ ಷಟ್ಪದಿಯ ಓಟ. ಅದು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪದ್ಧತಿ ನಮ್ಮ ಹಳ್ಳಿಗಳ ಗುಡಿಗಳಲ್ಲಿ ಇತ್ತು. ಕೊನೆಗೆ ಎಸ್. ಎಲ್. ಭೈರಪ್ಪನವರ 'ಪರ್ವ', 1979ರದು. ಅದರಲ್ಲಿ ಪವಾಡವಿಲ್ಲ. ಭೀಮ, ಕುಂತಿ, ದ್ರೌಪದಿ ಎಲ್ಲರೂ ನಮ್ಮ ನಿಮ್ಮ ಹಾಗೆ ಮುಪ್ಪು, ಸಿಟ್ಟು, ಸಂಕಟ ಇರುವ ಮನುಷ್ಯರು. ಈ ಪುಸ್ತಕ ಒಂದಕ್ಕೇ ಎರಡು ತಿಂಗಳು ಬೇಕು. ಮೂರನ್ನೂ ಮುಗಿಸಿದವನಿಗೆ ಒಂದೇ ಕಥೆಯನ್ನು ಮೂರು ಕಾಲದವರು ಹೇಗೆ ಬೇರೆ ಬೇರೆಯಾಗಿ ಕಂಡರು ಎಂಬುದು ತಿಳಿಯುತ್ತದೆ. ಇನ್ನೊಬ್ಬರು ಹೇಳಿದ್ದೇ ಕೊನೆಯ ಮಾತು ಎಂದು ಅವನು ಸುಮ್ಮನೆ ಒಪ್ಪಿಕೊಳ್ಳಲಾರ.

ಇಷ್ಟಾದರೆ ಹತ್ತು. ಇದರ ಜೊತೆಗೆ ದಿನಕ್ಕೊಂದು ವಚನ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿದೆ. ವಚನಗಳ ತಾಡೋಲೆಗಳನ್ನು ಮನೆಮನೆ ತಿರುಗಿ ಕೂಡಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. 1923ರಲ್ಲಿ 'ವಚನಶಾಸ್ತ್ರ ಸಾರ' ತಂದರು. ಅಚ್ಚಿನ ತೊಂದರೆ ತೀರಲೆಂದು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಇವತ್ತು ಅದೇ ವಚನಗಳು 'ವಚನ ಸಂಚಯ' ಜಾಲತಾಣದಲ್ಲಿ ಬೇಕಾದ ಪದ ಹುಡುಕಿ ಓದುವ ಹಾಗೆ ಸಿಗುತ್ತವೆ, ಪೈಸೆ ಖರ್ಚಿಲ್ಲ. ಮೊಬೈಲ್ ಇಲ್ಲದ ಮನೆ ಈಗ ಕಡಿಮೆ.

ಇನ್ನು ಒಂದು ಮಾತು. ಐವತ್ತು ಪುಟ ಓದಿದರೂ ಮನಸ್ಸಿಗೆ ಹತ್ತದ ಪುಸ್ತಕವನ್ನು ಬದಿಗಿಡಿ. ಅದರಿಂದ ಯಾವ ಪಾಪವೂ ಬರುವುದಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ತೆಗೆಯಿರಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇದು. ಶಾಲೆಗೆ ಏನಾದರೂ ಕೊಡಬೇಕೆಂದು ನಾವೆಲ್ಲ ಮಾತಾಡಿಕೊಂಡಿದ್ದೇವೆ. ಮನೆಯಲ್ಲಿ ಬೇಡವಾದ ಪುಸ್ತಕಗಳ ಗಂಟು ತಂದು ಕಪಾಟು ತುಂಬುವುದು ಬೇಡ. ಈ ಪಟ್ಟಿಯಲ್ಲಿ, ಅಥವಾ ಗುರುಗಳು ತಿದ್ದಿದ ಪಟ್ಟಿಯಲ್ಲಿ, ಒಂದು ಪುಸ್ತಕ ಆರಿಸಿ ನಾಲ್ಕು ಪ್ರತಿ ಕೊಡೋಣ. ಒಂದೇ ಪ್ರತಿ ಇದ್ದರೆ ಒಬ್ಬರು ಓದಿ ಸುಮ್ಮನಾಗುತ್ತಾರೆ. ನಾಲ್ಕು ಇದ್ದರೆ ನಾಲ್ಕು ಜನ ಓದಿ ಅದರ ಬಗ್ಗೆ ಜಗಳಾಡುತ್ತಾರೆ. ಆ ಜಗಳ ಬೇಕು. ಎರಡು ಪ್ರತಿ ಶಾಲೆಯಲ್ಲಿರಲಿ, ಎರಡು ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿರಲಿ.

ಅರಿವು ಕೇಂದ್ರ ಯಾಕೆಂದರೆ, ಹತ್ತನೆಯ ತರಗತಿ ಮುಗಿದ ಮೇಲೆ ಮುಂದೆ ಕಲಿಯದೆ ಮನೆಯಲ್ಲೇ ಉಳಿಯುವ ನಮ್ಮ ತಂಗಿಯರಿದ್ದಾರೆ. ಮದುವೆಯಾಗಿ ಈ ಊರಿಗೆ ಬಂದ ಸೊಸೆಯಂದಿರಿದ್ದಾರೆ. ಅವರಿಗೆ ಓದಲು ಬರುತ್ತದೆ, ಆದರೆ ಪುಸ್ತಕ ತರಲು ಅವರು ಎಲ್ಲಿಗೆ ಹೋಗಬೇಕು? ಶಾಲೆಯ ಪುಸ್ತಕ ಶಾಲೆಯ ಮಕ್ಕಳಿಗೆ ಮಾತ್ರ. ಅಣ್ಣನಾದವನು, ಗಂಡನಾದವನು, ಮಾವನಾದವನು ಕೇಂದ್ರದಿಂದ ಒಂದು ಪುಸ್ತಕ ತಂದು ಅವರ ಕೈಗೆ ಕೊಡಲಿ. ಅವರು ಕೇಂದ್ರಕ್ಕೇ ಹೋಗಿ ತಾವೇ ಆರಿಸಿ ತರುವಂತಾದರೆ ಇನ್ನೂ ಒಳ್ಳೆಯದು. ಬರುವ ವರ್ಷ ಯಾವುದನ್ನು ಓದಬೇಕು ಎಂಬುದನ್ನು ನನ್ನಂಥ ಒಬ್ಬನು ವೇದಿಕೆಯ ಮೇಲಿಂದ ಹೇಳುವುದಕ್ಕಿಂತ ಅಂಥ ಒಬ್ಬ ತಂಗಿ ಹೇಳಿದರೆ ನನಗೆ ಹೆಚ್ಚು ಸಂತೋಷ.