ವಾರಸುದಾರರಿಲ್ಲದ ದೋಣಿಯ ವಿಲೇವಾರಿ: ಗ್ರಾಮ ಪಂಚಾಯಿತಿಯ ಅಧಿಕಾರ ಮತ್ತು ಹೊಣೆ

(ಕರಾವಳಿ ಮತ್ತು ನದಿತೀರದ ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯ ಮೇಲಿನ ಮಳೆಗಾಲದ ನಿಷೇಧವು ಜೂನ್ 1ರಂದು ಆರಂಭವಾಗಿ ಜುಲೈ 31ಕ್ಕೆ ಮುಗಿಯುತ್ತದೆ. ಈ 61 ದಿನಗಳು ದೋಣಿಗಳು ದಡ ಸೇರಿರುತ್ತವೆ. ಆಗಸ್ಟ್ ಬಂದೊಡನೆ ಎಲ್ಲವೂ ಮರಳಿ ನೀರಿಗಿಳಿಯುತ್ತವೆ ಎಂದೇನಿಲ್ಲ. ಒಂದರ ಎಂಜಿನ್ ಕೆಟ್ಟಿರುತ್ತದೆ, ಇನ್ನೊಂದರ ಹಲಗೆ ಕೊಳೆತಿರುತ್ತದೆ, ಮತ್ತೊಂದರ ಮಾಲೀಕನಿಗೆ ಹಿಂದಿನ ಸಾಲವೇ ತೀರಿರುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದೋಣಿಯೊಳಗೆ ಗಿಡ ಬೆಳೆದು, ಬದಿಯ ಮೇಲಿನ ಹೆಸರು ಅಳಿಸಿಹೋಗುತ್ತದೆ. ಆ ಬಳಿಕ ಗ್ರಾಮಸಭೆಗೆ ಅರ್ಜಿ ಬರುತ್ತದೆ: ಈ ದೋಣಿಯನ್ನು ತೆಗೆಸಿಕೊಡಬೇಕು.

ಅರ್ಜಿ ನ್ಯಾಯವಾದುದೇ. ತೊರೆಯ ಬಾಯಿಗೆ ಅಡ್ಡಲಾಗಿ ಬಿದ್ದ ದೋಣಿಯ ಸುತ್ತ ಹೂಳು ನಿಲ್ಲುತ್ತದೆ. ಮಳೆನೀರು ಕಡಲಿಗೆ ಹರಿಯಲಾರದೆ ಗದ್ದೆಗೆ ನುಗ್ಗುತ್ತದೆ. ತಳದಲ್ಲುಳಿದ ಡೀಸೆಲ್ ಮತ್ತು ಎಂಜಿನ್ ಎಣ್ಣೆ ಸೋರಿದರೆ ಅದೇ ಅಳಿವೆಯಲ್ಲಿ ಬೆಳಚು ಆಯುವ ಹೆಂಗಸರ ದುಡಿಮೆಗೆ ಪೆಟ್ಟು ಬೀಳುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ತುಕ್ಕುಹಿಡಿದ ಮೊಳೆ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಆದುದರಿಂದ ಸಭೆಯಲ್ಲಿ ಯಾರಾದರೊಬ್ಬರು ಎದ್ದು, ‘ವಾರಸುದಾರರಿಲ್ಲದ ಕಾರಣ ಸದರಿ ದೋಣಿಯನ್ನು ಹರಾಜು ಹಾಕಿ ಬಂದ ಹಣವನ್ನು ಪಂಚಾಯಿತಿ ನಿಧಿಗೆ ಜಮಾ ಮಾಡಲು ಠರಾವಿಸಲಾಯಿತು’ ಎಂದು ನಡವಳಿ ಬರೆಯಿಸಲು ಸೂಚಿಸುವುದು ಸಹಜ. ಆದರೆ ಆ ಒಂದೇ ವಾಕ್ಯದಲ್ಲಿ ಮೂರು ದೋಷಗಳಿವೆ. ವಾರಸುದಾರರಿಲ್ಲ ಎಂಬುದನ್ನು ಯಾರೂ ವಿಚಾರಿಸಿ ತೀರ್ಮಾನಿಸಿಲ್ಲ. ದೋಣಿ ಪಂಚಾಯಿತಿಯ ಸ್ವತ್ತಲ್ಲ. ಅದು ಬಿದ್ದಿರುವ ನೆಲವೂ ಬಹುತೇಕ ಪಂಚಾಯಿತಿಯದಲ್ಲ.

ಮೊದಲನೆಯದನ್ನೇ ನೋಡಬಹುದು. ಸ್ವತ್ತನ್ನು ಬಳಸದೆ ಬಿಟ್ಟ ಮಾತ್ರಕ್ಕೆ ಮಾಲೀಕನ ಹಕ್ಕು ಹೋಗುವುದಿಲ್ಲ. ಹಕ್ಕನ್ನು ಬಿಟ್ಟುಕೊಡುವ ಉದ್ದೇಶ ಅವನಿಗಿತ್ತು ಎಂಬುದು ತಿಳಿಯಬೇಕು, ಮತ್ತು ಹಾಗೆ ತಿಳಿಯಲು ಅವನನ್ನು ಕೇಳುವುದಕ್ಕಿಂತ ನೇರವಾದ ಮಾರ್ಗವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 314ನೇ ಪ್ರಕರಣವು ಇತರರ ಚರಸ್ವತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದನ್ನು ಅಪರಾಧವೆನ್ನುತ್ತದೆ. ಸಿಕ್ಕಿದ ವಸ್ತುವಿನ ಮಾಲೀಕನನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ, ಅವನು ಬಂದು ಕೇಳಲು ಸಾಕಷ್ಟು ಕಾಲ ಕೊಡದೆ ಅದನ್ನು ತನ್ನದಾಗಿಸಿಕೊಂಡವನೂ ಈ ವ್ಯಾಪ್ತಿಗೆ ಬರುತ್ತಾನೆಂದು ಅದರ ವಿವರಣೆ ಹೇಳುತ್ತದೆ. ಬಹುಮತದ ಠರಾವು ಇದ್ದ ಮಾತ್ರಕ್ಕೆ ಬೇರೊಬ್ಬರ ದೋಣಿ ಪಂಚಾಯಿತಿಯದಾಗದು. ಇನ್ನು ನಿಜಕ್ಕೂ ಹಕ್ಕುದಾರರಿಲ್ಲದ ಸ್ವತ್ತು ಯಾರಿಗೆ ಸೇರಬೇಕೆಂಬುದಕ್ಕೆ ಸಂವಿಧಾನದ 296ನೇ ಅನುಚ್ಛೇದದಲ್ಲಿ ಉತ್ತರವಿದೆ: ಅದು ಸರ್ಕಾರಕ್ಕೆ ಸೇರುತ್ತದೆ, ಅದನ್ನು ಕಂಡವರಿಗಲ್ಲ.

ನೆಲದ ವಿಚಾರ ಇನ್ನೂ ಮುಖ್ಯ, ಏಕೆಂದರೆ ಪತ್ರ ಬರೆಯಬೇಕಾದ ಕಚೇರಿ ಯಾವುದೆಂದು ಗೊತ್ತಾಗುವುದು ಅದರಿಂದಲೇ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ ಉಬ್ಬರದ ರೇಖೆಯ ಕೆಳಗಿನ ಕಡಲ ತಳ, ಬಂದರು ಮತ್ತು ಕಡಲ ಕೋಡಿಗಳ ತಳ, ನದಿ, ಹಳ್ಳ, ಕೆರೆಗಳ ತಳ ಎಲ್ಲವೂ ರಾಜ್ಯ ಸರ್ಕಾರದ ಸ್ವತ್ತು. ದೋಣಿ ಅಲ್ಲಿ ಬಿದ್ದಿದ್ದರೆ ಮೊದಲ ಪತ್ರ ತಹಶೀಲ್ದಾರರಿಗೆ. ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಮಲ್ಪೆ, ಹಳೆ ಮಂಗಳೂರು ಮುಂತಾದ ಬಂದರುಗಳ ಮಿತಿಯೊಳಗಾದರೆ ಬಂದರು ಅಧಿಕಾರಿಗೆ, ಅಂದರೆ ಕರ್ನಾಟಕ ಜಲಸಾರಿಗೆ ಮಂಡಳಿಗೆ. ನೌಕೆಗಳ ಸಂಚಾರಕ್ಕೆ ಅಡ್ಡಿಯಾದುದನ್ನು ತೆಗೆಸುವ ಅಧಿಕಾರ ಬಂದರು ಆಡಳಿತಕ್ಕೆ ಹಿಂದಿನಿಂದಲೂ ಇದೆ. ಮೀನುಗಾರಿಕೆ ಬಂದರಿನ ದಕ್ಕೆಯಲ್ಲಿದ್ದರೆ ಮೀನುಗಾರಿಕೆ ಇಲಾಖೆಗೆ. ಪಂಚಾಯಿತಿಯ ರಸ್ತೆ, ಸಂತೆಮಾಳ ಅಥವಾ ತೆರೆದ ನಿವೇಶನಕ್ಕೆ ಎಳೆದು ತಂದಿಟ್ಟ ದೋಣಿಯಾದರೆ ಮಾತ್ರ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ ಅಡಚಣೆ ತೆರವುಗೊಳಿಸುವ ಅಧಿಕಾರವನ್ನು ಪಂಚಾಯಿತಿ ತಾನೇ ಚಲಾಯಿಸಬಹುದು. ಅದೂ ಜಾಗ ಬಿಡಿಸುವ ಅಧಿಕಾರವೇ ಹೊರತು ದೋಣಿಯ ಒಡೆತನವಲ್ಲ.

ಹಾಗಾದರೆ ಪಂಚಾಯಿತಿಗೆ ಉಳಿದ ಕೆಲಸವೇನು? ಉಳಿದಿರುವುದೇ ದೊಡ್ಡ ಕೆಲಸ: ಮಾಲೀಕನನ್ನು ಹುಡುಕುವುದು. ಇದನ್ನು ಪಂಚಾಯಿತಿಯಷ್ಟು ಚೆನ್ನಾಗಿ ಮಾಡಬಲ್ಲ ಕಚೇರಿ ಮತ್ತೊಂದಿಲ್ಲ.

ದೋಣಿಯನ್ನು ಮುಟ್ಟುವ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ ಮತ್ತು ಇಬ್ಬರು ಪಂಚರ ಸಮಕ್ಷಮದಲ್ಲಿ ಸ್ಥಳ ಮಹಜರು ನಡೆಯಬೇಕು. ಉದ್ದ, ಅಗಲ, ಮರದ್ದೋ ಫೈಬರಿನದೋ, ಎಂಜಿನ್ ಇದೆಯೋ ಕಳಚಲಾಗಿದೆಯೋ, ಬಲೆ, ಲಂಗರು, ವಿಂಚು ಏನೇನಿವೆ ಎಂಬುದೆಲ್ಲ ದಾಖಲಾಗಬೇಕು. ನಾಲ್ಕೂ ದಿಕ್ಕಿನಿಂದ ಛಾಯಾಚಿತ್ರ ತೆಗೆಯಬೇಕು. ನೋಂದಾಯಿತ ಮೀನುಗಾರಿಕೆ ದೋಣಿಯ ಬದಿಯಲ್ಲಿ ಐಎನ್‌ಡಿ, ಕೆಎ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬಣ್ಣ ಹೋಗಿದ್ದರೂ ಒದ್ದೆ ಬಟ್ಟೆಯಿಂದ ಒರೆಸಿ ಓರೆ ಬೆಳಕಿನಲ್ಲಿ ನೋಡಿದರೆ ಕೆಲವೊಮ್ಮೆ ಅಕ್ಷರಗಳು ಕಾಣುತ್ತವೆ. ಅದೂ ಇಲ್ಲದಿದ್ದರೆ ಎಂಜಿನ್ ಸಂಖ್ಯೆ ಇದೆ. ಈ ಎರಡರಲ್ಲಿ ಒಂದು ಸಿಕ್ಕರೂ ಮೀನುಗಾರಿಕೆ ಇಲಾಖೆಯ ನೋಂದಣಿ ದಾಖಲೆಯಲ್ಲಿ ಹೆಸರನ್ನು ಹುಡುಕಲು ದಾರಿಯಾಗುತ್ತದೆ.

ಸಂಖ್ಯೆ ಸಿಗದಿದ್ದರೂ ಹೆಸರು ಸಿಗುವುದುಂಟು. ಯಾರ ದೋಣಿಯೆಂದು ಊರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಹೇಳಲು ಹಿಂಜರಿಕೆ ಇರುತ್ತದೆ, ಅಷ್ಟೆ. ಹಿಂಜರಿಕೆಗೆ ಕಾರಣಗಳಿವೆ. ದೋಣಿ ಮೂರು ನಾಲ್ಕು ಜನರ ಪಾಲಿನದಾಗಿದ್ದು ಅವರಲ್ಲಿ ಜಗಳವಿರಬಹುದು. ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲಕ್ಕೆ ಹೆದರಿ ಮಾಲೀಕ ತಲೆಮರೆಸಿಕೊಂಡಿರಬಹುದು. ಅಥವಾ ಅವನು ತೀರಿಕೊಂಡು, ಮಕ್ಕಳು ಬೇರೆ ಬಂದರಿನ ದೋಣಿಗಳಲ್ಲಿ ಕೂಲಿಗೆ ಹೋಗಿ, ಮನೆಯಲ್ಲಿ ಹೆಂಡತಿ ಒಬ್ಬಳೇ ಉಳಿದಿರಬಹುದು.

ಈ ಕೊನೆಯ ಸಂದರ್ಭದ ಬಗ್ಗೆ ಸದಸ್ಯರು ವಿಶೇಷ ಎಚ್ಚರ ವಹಿಸಬೇಕು. ಹೊರನೋಟಕ್ಕೆ ಗುಜರಿಯಂತೆ ಕಾಣುವ ದೋಣಿಯಲ್ಲಿ ಎಂಜಿನ್, ಗೇರ್ ಬಾಕ್ಸ್, ವಿಂಚು, ನೀರಿನೊಳಗಿನ ಲೋಹದ ಪಂಖ, ದಂಡ ಇವೆಲ್ಲ ಇನ್ನೂ ಬೆಲೆಬಾಳುತ್ತವೆ. ಇದನ್ನು ಆ ಹೆಂಗಸಿಗಿಂತ ಮೊದಲೇ ಅರಿತಿರುವವನು ಗುಜರಿ ವ್ಯಾಪಾರಿ. ‘ಊರಿಗೆ ತೊಂದರೆ, ಬೇಗ ತೆಗೆಸಿ’ ಎಂಬ ಒತ್ತಾಯದ ಹಿಂದೆ ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ. ಪಂಚಾಯಿತಿ ಆತುರದಿಂದ ಹರಾಜು ಕೂಗಿದರೆ ಒಂದು ಕುಟುಂಬದ ಕಟ್ಟಕಡೆಯ ಬಂಡವಾಳ ಕವಡೆ ಬೆಲೆಗೆ ಹೋಗಿಬಿಡುತ್ತದೆ, ಮತ್ತು ಹಾಗೆ ಹೋಗುವುದಕ್ಕೆ ಸರ್ಕಾರಿ ಮೊಹರು ಬಿದ್ದಂತಾಗುತ್ತದೆ.

ಆದುದರಿಂದ ಮೊದಲು ಆ ಮನೆಗೆ ಹೋಗಬೇಕಾದುದು ನೋಟಿಸಲ್ಲ, ಆ ವಾರ್ಡಿನ ಸದಸ್ಯರು. ಅತ್ಯಂತ ಸುಲಭವೂ ಕಾನೂನುಬದ್ಧವೂ ಆದ ವಿಲೇವಾರಿ ಎಂದರೆ ಮಾಲೀಕರೇ ದೋಣಿಯನ್ನು ಮಾರುವುದು ಅಥವಾ ಒಡೆಯಿಸುವುದು. ಹಣ ಅವರಿಗೇ ಸೇರುತ್ತದೆ, ದಡ ಖಾಲಿಯಾಗುತ್ತದೆ, ಪಂಚಾಯಿತಿಯ ಮೇಲೆ ಹೊಣೆ ಬೀಳುವುದಿಲ್ಲ. ಇಬ್ಬರು ಮೂವರು ವ್ಯಾಪಾರಿಗಳಿಂದ ಬೆಲೆ ಕೇಳಿಸುವುದು, ಬರಹದಲ್ಲಿ ಕರಾರು ಮಾಡಿಸುವುದು, ಸಾಕ್ಷಿಯಾಗಿ ನಿಲ್ಲುವುದು ಇಷ್ಟನ್ನು ಸದಸ್ಯರು ಮಾಡಿಕೊಡಬಹುದು. ಮಾಲೀಕ ಮೃತನಾಗಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕಾಗುತ್ತದೆ. ವಾರಸುದಾರರೆಲ್ಲರ ಸಹಿ ಬೇಕು, ಒಬ್ಬ ಮಗನ ಸಹಿ ಸಾಲದು. ಪಾಲುದಾರರಿಗೂ ಇದೇ ಮಾತು. ದೋಣಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂದುವರಿಯಬಾರದು. ಮಾಲೀಕರಿಗೆ ದೋಣಿ ಬೇಡವೇ ಬೇಡ ಎಂದಾದರೆ ಹಕ್ಕು ಬಿಟ್ಟುಕೊಟ್ಟ ಬಗ್ಗೆ ಅವರಿಂದ ಲಿಖಿತ ಹೇಳಿಕೆ ಪಡೆಯಬೇಕು. ಬಾಯಿಮಾತಿನ ‘ತಗೊಂಡು ಹೋಗಿ’ ಮುಂದೊಂದು ದಿನ ‘ನಾನು ಹಾಗೆ ಹೇಳಲೇ ಇಲ್ಲ’ ಎಂದಾಗುತ್ತದೆ.

ಯಾರದ್ದೆಂದು ಊರಿನಲ್ಲಿ ಯಾರಿಗೂ ತಿಳಿಯದ ದೋಣಿ ಕಂಡರೆ ಕ್ರಮ ಬೇರೆ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರು ಕಡಲಿನಲ್ಲಿ ಅಪಹರಿಸಿ ಬಳಸಿದ್ದು ‘ಕುಬೇರ್’ ಎಂಬ ಭಾರತದ್ದೇ ಮೀನುಗಾರಿಕೆ ದೋಣಿಯನ್ನು. ಅಪರಿಚಿತ ದೋಣಿಯನ್ನು ಹತ್ತಿ ನೋಡುವುದಕ್ಕೆ ಮೊದಲು 112ಕ್ಕೆ ಕರೆ ಮಾಡಿ, ಸ್ಥಳೀಯ ಠಾಣೆ ಮತ್ತು ಕರಾವಳಿ ಕಾವಲು ಪೊಲೀಸರಿಗೆ ತಿಳಿಸಬೇಕು. ಪೊಲೀಸರು ದೋಣಿಯನ್ನು ವಶಕ್ಕೆ ಪಡೆದು ದಂಡಾಧಿಕಾರಿಗೆ ವರದಿ ಮಾಡಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಪ್ರಕರಣದಂತೆ ಉದ್ಘೋಷಣೆ ಹೊರಡಬಹುದು; ಹಕ್ಕುದಾರರು ಮುಂದೆ ಬರಲು 6 ತಿಂಗಳ ಅವಕಾಶವಿರುತ್ತದೆ. ಯಾರೂ ಬಾರದಿದ್ದರೆ ಆ ಮುಂದಿನ ಪ್ರಕರಣದಂತೆ ಸ್ವತ್ತು ಸರ್ಕಾರದ ವಿಲೇವಾರಿಗೆ ಒಳಪಡುತ್ತದೆ.

ಉಬ್ಬರ–ಇಳಿತ ತಾಗುವ ನೀರಿನಲ್ಲಿ ಅಥವಾ ಅದರ ದಡದಲ್ಲಿ, ಮರಳಿ ಪಡೆಯುವ ಆಸೆಯನ್ನೂ ಉದ್ದೇಶವನ್ನೂ ಬಿಟ್ಟು ತೊರೆದ ನೌಕೆಯನ್ನು 1958ರ ವಾಣಿಜ್ಯ ನೌಕಾ ಅಧಿನಿಯಮವು ಒಡೆದ ಹಡಗಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂಥದ್ದನ್ನು ವಹಿಸಿಕೊಳ್ಳುವ ಅಧಿಕಾರಿಗೆ ಕಡತಗಳಲ್ಲಿ ‘ರಿಸೀವರ್ ಆಫ್ ರೆಕ್’ ಎಂಬ ಹೆಸರಿದೆ. ಕಂಡವರು ಅದನ್ನು ತಮ್ಮಲ್ಲಿ ಇಟ್ಟುಕೊಳ್ಳದೆ ಆ ಅಧಿಕಾರಿಗೆ ಒಪ್ಪಿಸಬೇಕು. ಮಾಲೀಕನು ಖರ್ಚುವೆಚ್ಚ ತೆತ್ತು 1 ವರ್ಷದೊಳಗೆ ಕೇಳಿ ಪಡೆಯಬಹುದು ಎಂಬುದು ಆ ಕಾಯ್ದೆಯ ಏರ್ಪಾಡು. ಆ ಕಾಯ್ದೆಯ ಸ್ಥಾನಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಆದುದರಿಂದ ಪಂಚಾಯಿತಿಯ ಪತ್ರದಲ್ಲಿ ಪ್ರಕರಣಗಳ ಸಂಖ್ಯೆ ತುಂಬುವುದಕ್ಕಿಂತ ದೋಣಿ ಎಲ್ಲಿದೆ, ಎಂದಿನಿಂದ ಇದೆ, ಯಾರನ್ನು ವಿಚಾರಿಸಲಾಯಿತು, ಯಾವ ಅಪಾಯವಿದೆ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ಮೇಲು. ಕಾನೂನನ್ನು ಅನ್ವಯಿಸುವುದು ಪತ್ರ ತಲುಪಿದ ಅಧಿಕಾರಿಯ ಕೆಲಸ.

ಆರು ತಿಂಗಳು, ವರ್ಷ ಎಂದು ಕೇಳಿದೊಡನೆ ‘ಮಳೆ ಬಂದರೆ ಗದ್ದೆಗಳ ಗತಿಯೇನು’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೂ ದಾರಿಯಿದೆ. ಸಾರ್ವಜನಿಕ ಸ್ಥಳದಿಂದಾಗಲಿ, ಸಾರ್ವಜನಿಕರು ಬಳಸುವ ದಾರಿ, ನದಿ, ಕಾಲುವೆಗಳಿಂದಾಗಲಿ ಅಡಚಣೆಯನ್ನು ತೆಗೆಯುವಂತೆ ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ 152ನೇ ಪ್ರಕರಣವು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ ಮಹಜರು, ಛಾಯಾಚಿತ್ರ ಮತ್ತು ಗ್ರಾಮಸಭೆಯ ನಡವಳಿಯೊಂದಿಗೆ ಏಪ್ರಿಲ್ ತಿಂಗಳಲ್ಲೇ ವರದಿ ಹೋದರೆ ಮಳೆಗೆ ಮೊದಲು ಆದೇಶ ನಿರೀಕ್ಷಿಸಬಹುದು. ಜೂನ್ ಹತ್ತಕ್ಕೆ ಬರೆದರೆ ಕಷ್ಟ. ಇಲ್ಲಿ ನೆನಪಿಡಬೇಕಾದುದು, ತೆರವು ಬೇರೆ, ನಾಶ ಬೇರೆ. ದೋಣಿಯನ್ನು ತೊರೆಯ ಬಾಯಿಂದ ಎಳೆದು ಎತ್ತರದ ಜಾಗದಲ್ಲಿ ಕಟ್ಟಿಹಾಕಿದರೆ ನೀರಿಗೆ ದಾರಿಯಾಗುತ್ತದೆ, ಮಾಲೀಕನ ಹಕ್ಕೂ ಉಳಿಯುತ್ತದೆ. ಸ್ಥಳಾಂತರದ ಬಳಿಕ ಮತ್ತೊಂದು ಮಹಜರು ಬರೆದು, ಆದ ಖರ್ಚಿನ ರಸೀದಿಗಳನ್ನು ಕಡತದಲ್ಲಿಡಬೇಕು.

ಮರಳು ಸಾಗಿಸಿದ ಪ್ರಕರಣಗಳಲ್ಲಿ ಜಪ್ತಿಯಾಗಿ ನದಿದಡದಲ್ಲಿ ಬಿದ್ದಿರುವ ದೋಣಿಗಳು ಮೊಕದ್ದಮೆಯ ಸ್ವತ್ತು. ಸಕ್ಷಮ ಪ್ರಾಧಿಕಾರದ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಅವನ್ನು ಕದಲಿಸಲೂಬಾರದು.

ಕೊನೆಗೆ ಒಡೆಯುವ ಹಂತ. ಆದೇಶ ಅಥವಾ ಮಾಲೀಕರ ಸಹಿ ಕೈಗೆ ಬಂದ ಮೇಲೂ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವಂತಿಲ್ಲ. ಫೈಬರ್ ದೋಣಿಯ ರಾಳವು ಕರಗಿಸಿ ಮರುಬಳಸುವ ಪ್ಲಾಸ್ಟಿಕ್ ಅಲ್ಲ. ಸುಟ್ಟರೆ ವಿಷದ ಹೊಗೆ, ಹೂತರೆ ಹಾಗೆಯೇ ಉಳಿಯುವ ಕಸ. ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ಘನತ್ಯಾಜ್ಯ ನಿಯಮಗಳೂ, ಕರಾವಳಿ ವಲಯದಲ್ಲಿ ಸುರಿಯುವುದನ್ನು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ನಿಷೇಧಿಸಿವೆ. ‘ಆಳಕ್ಕೆ ಎಳೆದು ಮುಳುಗಿಸಿಬಿಡೋಣ’ ಎಂಬ ಸಲಹೆ ಬಂದರೆ ಮೀನುಗಾರರೇ ವಿರೋಧಿಸುತ್ತಾರೆ, ಏಕೆಂದರೆ ನಾಳೆ ಅವರ ಬಲೆ ಹರಿಯುವುದು ಅದಕ್ಕೇ ಸಿಕ್ಕಿ. ಮೊದಲು ಡೀಸೆಲ್ ಮತ್ತು ಎಣ್ಣೆಯನ್ನು ಡಬ್ಬಗಳಿಗೆ ಇಳಿಸಬೇಕು. ಬ್ಯಾಟರಿ ಮತ್ತು ಹಳೆಯ ಎಣ್ಣೆ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಮರ ಮತ್ತು ಲೋಹಕ್ಕೆ ಕೊಳ್ಳುವವರಿದ್ದಾರೆ. ಫೈಬರ್ ತುಂಡುಗಳನ್ನು ಎಲ್ಲಿಗೆ ಕಳುಹಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಮುಂಚಿತವಾಗಿಯೇ ಕೇಳಬೇಕು. ಕಾಂಡ್ಲಾ ಕಾಡಿನ ನಡುವೆ ಜೆಸಿಬಿ ಇಳಿಸಲೇಬಾರದು; ಅಲ್ಲಿ ಉಬ್ಬರದ ಹೊತ್ತಿಗೆ ನೀರಿನ ಮೇಲಿಂದಲೇ ಎಳೆದು ತರಬೇಕು.

ದೋಣಿ ಹೋದ ಮೇಲೂ ಅದರ ನೋಂದಣಿ ಉಳಿದಿರುತ್ತದೆ. ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಅದನ್ನು ರದ್ದುಪಡಿಸದಿದ್ದರೆ, ಇಲ್ಲದ ದೋಣಿಯ ಸಂಖ್ಯೆಯನ್ನು ಇನ್ನೊಬ್ಬರು ಬಳಸಿಕೊಳ್ಳಲು ಎಡೆಯಾಗುತ್ತದೆ. ರದ್ದತಿಯ ಪ್ರತಿ ಬಂದ ದಿನವೇ ಪಂಚಾಯಿತಿಯ ಕಡತವನ್ನು ಮುಗಿಸಬಹುದು.

ಜೂನ್–ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿರುವಾಗ ಮೀನುಗಾರರ ಸಹಕಾರ ಸಂಘದ ನೆರವಿನಿಂದ ದೋಣಿಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳಲು ಖರ್ಚೇನೂ ಇಲ್ಲ: ಸಂಖ್ಯೆ, ಮಾಲೀಕರ ಹೆಸರು, ಮನೆಯವರೊಬ್ಬರ ದೂರವಾಣಿ. ಸೆಪ್ಟೆಂಬರಿನಲ್ಲಿ ಇನ್ನೂ ದಡದಲ್ಲೇ ಉಳಿದ ದೋಣಿ ಯಾವುದೆಂದು ನೋಡಿ, ಮಾಲೀಕರು ಊರಿನಲ್ಲಿರುವಾಗಲೇ ಅವರೊಡನೆ ಮಾತನಾಡಿದರೆ ಈ ಮೇಲೆ ಹೇಳಿದ ಬಹುಪಾಲು ಪತ್ರಗಳನ್ನು ಬರೆಯುವ ಪ್ರಮೇಯವೇ ಬಾರದು.